ಪದಚರ್ಚೆ: ವಾಲೀಕಾರ ಅಂದರೆ ಯಾರು? ಓಲೇಕಾರನೂ ಇವನೂ ಒಬ್ಬನೇನಾ?

ಎಲ್ಲರಿಗೂ ನಮಸ್ಕಾರ.

ನನ್ನ ಅಡ್ಡಹೆಸರು ವಾಲೀಕಾರ. ನಮ್ಮೂರು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿದೆ. ಎರಡು ವರ್ಷದಿಂದ ಇದೇ ಅಡ್ಡಹೆಸರಿನ ಸುಮಾರು 30 ಮನೆಯವರು ಸೇರಿ ನಮ್ಮ ನಮ್ಮ ಮನೆತನದ ಮೂಲ ಹುಡುಕುತ್ತಿದ್ದೇವೆ. ಸಿಂದಗಿ, ಅಫಜಲಪುರ, ಆಳಂದದವರಿದ್ದಾರೆ. ಗಡಿಯಾಚೆ ಅಕ್ಕಲಕೋಟೆ, ಸೊಲ್ಲಾಪುರದವರೂ ಇದ್ದಾರೆ. ಹೆಚ್ಚಿನವರು ಒಬ್ಬರ ಮುಖ ಒಬ್ಬರು ನೋಡಿಲ್ಲ. ಹಳೇ ಉತಾರ (ಹೊಲದ ದಾಖಲೆ), ಶಾಲೆ ದಾಖಲೆ, ಲಗ್ನಪತ್ರಿಕೆ, ಅಜ್ಜ ಅಜ್ಜಿಯರ ಫೋಟೋ ಎಲ್ಲ ಫೋನಿನಲ್ಲೇ ಹಂಚಿಕೊಳ್ಳುತ್ತೇವೆ.

ನನ್ನ ಪ್ರಶ್ನೆ ಈ ಹೆಸರಿನ ಅರ್ಥದ ಬಗ್ಗೆ. ಸುಮ್ನೆ ಕುತೂಹಲಕ್ಕೆ ಕೇಳುತ್ತಿಲ್ಲ. ಅರ್ಥ ಗೊತ್ತಾಗದೆ ನಮ್ಮ ಹುಡುಕಾಟ ಮುಂದೆ ಹೋಗುವುದೇ ಇಲ್ಲ. ಇದು ಊರಿನಿಂದ ಬಂದ ಹೆಸರಾದರೆ ನಾವೆಲ್ಲ ಆ ಊರಿನ ದಾರಿ ಹಿಡಿಯಬೇಕು. ಒಬ್ಬ ಹಿರಿಯನ ಹೆಸರಿನಿಂದ ಬಂದಿದ್ದರೆ ಆ ಒಬ್ಬನನ್ನು ಹುಡುಕಬೇಕು. ಕೆಲಸದಿಂದ ಬಂದ ಹೆಸರಾದರೆ ಲೆಕ್ಕವೇ ಬೇರೆ. ಆಗ ಪ್ರತಿ ಊರಿಗೂ ಒಂದೊಂದು ವಾಲೀಕಾರ ಮನೆ ಹುಟ್ಟಿರುತ್ತದೆ. ಒಂದಕ್ಕೂ ಇನ್ನೊಂದಕ್ಕೂ ರಕ್ತಸಂಬಂಧ ಇರಲೇಬೇಕು ಅಂತಿಲ್ಲ.

ನಮ್ಮಲ್ಲಿ ಮೂರು ಅಭಿಪ್ರಾಯ ಬಂದವು. ರಾಮಾಯಣದ ವಾಲಿಯೇ ನಮ್ಮ ಮೂಲಪುರುಷ ಅಂದರು ಕೆಲವರು. ಅವರ ಮನೆಯಲ್ಲಿ ಹಿರಿಯರು ಹಾಗೆ ಹೇಳಿಕೊಂಡು ಬಂದಿದ್ದಾರೆ. ಆದರೆ ಹಾಗಾದರೆ 'ಕಾರ' ಯಾಕೆ ಬಂತು? ಕನ್ನಡದಲ್ಲಿ ಕಾರ, ಗಾರ ಸೇರುವುದು ಮಾಡುವ ಕೆಲಸಕ್ಕೆ ಅಥವಾ ಇಟ್ಟುಕೊಂಡ ವಸ್ತುವಿಗೆ. ಹೂಗಾರ, ಬಳೆಗಾರ, ಓಟಗಾರ, ಹಾಡುಗಾರ. ಮನುಷ್ಯನ ಹೆಸರಿಗೆ ಕಾರ ಹಚ್ಚಿ ಅವನ ವಂಶದವರನ್ನು ಕರೆದದ್ದು ನಾನು ಕಂಡಿಲ್ಲ.

ಸೊಲ್ಲಾಪುರದವರು ಹೇಳಿದ್ದು ಇನ್ನೊಂದು. ವಾಲಿ ಅನ್ನುವ ಊರಿನವರು ವಾಲಿಕರ, ಬೆಳಗಾಂವಕರ ಇದ್ದ ಹಾಗೆ. ಇದನ್ನು ತಳ್ಳಿಹಾಕಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಮರಾಠಿಯ 'ಕರ' ಊರಿನ ಹೆಸರಿಗೆ ಸೇರುತ್ತದೆ, ಅದು ಹ್ರಸ್ವ. ಕನ್ನಡದ 'ಕಾರ' ಕೆಲಸಕ್ಕೆ ಸೇರುತ್ತದೆ, ಅದು ದೀರ್ಘ. ಕನ್ನಡದಲ್ಲಿ ಬರೆದರೆ ಎರಡೂ ಬೇರೆ ಅಂತ ಕಣ್ಣಿಗೆ ಕಾಣುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ತಕ್ಷಣ ಎರಡೂ ಒಂದೇ ಆಗಿಬಿಡುತ್ತವೆ. ಈಗ ಹುಡುಕುವುದೆಲ್ಲ ಇಂಗ್ಲಿಷ್ ಕಾಗುಣಿತದಲ್ಲೇ ಅಲ್ವಾ? ಹೀಗಾಗಿ ಬೇರೆ ಬೇರೆ ಹೆಸರಿನವರು ಒಂದೇ ಪಟ್ಟಿಯಲ್ಲಿ ಬಂದು ಕೂತಿದ್ದಾರೆ. ಅಡ್ಡಹೆಸರು ಹುಡುಕುವವರಿಗೆ ನನ್ನದೊಂದು ಕೋರಿಕೆ. ಮೊದಲು ನಿಮ್ಮ ಹೆಸರನ್ನು ಕನ್ನಡದಲ್ಲಿ ಬರೆದು, ದೀರ್ಘ ಎಲ್ಲಿದೆ ನೋಡಿ.

ಮೂರನೆಯದು ಉರ್ದುವಿನ ವಾಲಿ, ಅಂದರೆ ಆಳುವವನು. ಆದರೆ ನಮ್ಮ ಮನೆಗಳಲ್ಲಿ ಆಳಿದವರ ನೆನಪಿಲ್ಲ. ದುಡಿದವರ ನೆನಪಿದೆ.

ನನಗೆ ದಾರಿ ತೋರಿಸಿದ್ದು ನಮ್ಮ ಆಯಿಯ, ಅಂದರೆ ಅಜ್ಜಿಯ, ಕಿವಿ. ಹೋದ ದೀಪಾವಳಿಗೆ ಊರಿಗೆ ಹೋದಾಗ ಆಯಿ ಟ್ರಂಕಿನಿಂದ ಒಂದು ಬಟ್ಟೆಗಂಟು ತೆಗೆದು ನನ್ನ ಮಗಳಿಗೆ ಕೊಟ್ಟರು. "ಇವು ನಮ್ಮವ್ವನ ಬೆಂಡವಾಲಿ, ಇಟ್ಕೊ" ಅಂದರು. ನನ್ನ ಹೆಂಡತಿ ಮಂಡ್ಯದವಳು. "ಓ, ಬೆಂಡೋಲೆ!" ಅಂದಳು. ನಾನು ಅಲ್ಲೇ ನಿಂತುಬಿಟ್ಟೆ. ಅವಳ ಬೆಂಡೋಲೆ ನಮ್ಮ ಬೆಂಡವಾಲಿ. ಅವಳ ಓಲೆ ನಮ್ಮ ವಾಲಿ. ಹಾಗಾದರೆ ಅವಳ ಕಡೆಯ ಓಲೆಕಾರ ನಮ್ಮ ಕಡೆ ಏನಾಗಬೇಕು? ವಾಲೀಕಾರನೇ ಆಗಬೇಕು.

ಇದನ್ನು ಸ್ವಲ್ಪ ಬಿಡಿಸಿ ನೋಡೋಣ. ಮಾತಿನ ಮೊದಲಲ್ಲಿ ಬರುವ ಒ, ಓ ನಮ್ಮ ಬಾಯಲ್ಲಿ ವಕಾರ ಆಗುವುದು ಹೊಸದೇನಲ್ಲ. ಒಳಗೆ ನಮ್ಮಲ್ಲಿ ವಳಗ. ಒಣಗಿತು ವಣಗಿತು. ದೀರ್ಘ ಓಕಾರಕ್ಕೂ ಉದಾಹರಣೆಗಳಿವೆ. ಓರೆ ವಾರೆ ಆಗುತ್ತದೆ, ಮಾವಿನ ಹಣ್ಣಿನ ಓಟೆ ವಾಟೆ ಆಗುತ್ತದೆ. ಇವು ಉತ್ತರದ ಕಡೆ ಮಾತ್ರ ಇರುವ ಮಾತುಗಳೂ ಅಲ್ಲ. ಇನ್ನು ಕೊನೆಯ ಎಕಾರ ನಮ್ಮಲ್ಲಿ ಇಕಾರ ಆಗುವುದು ಎಲ್ಲರಿಗೂ ಗೊತ್ತು. ಮನೆ ಮನಿ, ಗಿಡದ ಎಲೆ ಎಲಿ. ಹೀಗೆ ಎರಡು ತುದಿಯಲ್ಲೂ ಬದಲಾದರೆ ಓಲೆ ವಾಲಿ ಆಗುತ್ತದೆ. ನಡುವಿನ ಲಕಾರ ಮಾತ್ರ ಇದ್ದಲ್ಲೇ ಇದೆ.

ಆ 'ಲೀ' ದೀರ್ಘ ಯಾಕೆ ಅಂತ ನಮ್ಮಲ್ಲಿ ದೊಡ್ಡ ವಾದವೇ ಆಗಿತ್ತು. ಒಂದೇ ಮನೆಯಲ್ಲಿ ಅಣ್ಣನ ಆಧಾರ್‌ನಲ್ಲಿ ವಾಲಿಕಾರ, ತಮ್ಮನದರಲ್ಲಿ ವಾಲೀಕಾರ. ಯಾವುದು ಸರಿ? ಮನೆಯ ಕೆಲಸ ಅನ್ನುವುದನ್ನು ಮಾತಿನಲ್ಲಿ ಮನೇ ಕೆಲಸ ಅನ್ನುತ್ತೇವೆ. 'ಯ' ಕರಗಿ ಹಿಂದಿನ ಸ್ವರ ಉದ್ದವಾಗುತ್ತದೆ. ನಮ್ಮ ಕಡೆ ಅದೇ ಮನೀ ಕೆಲಸ. ಹಾಗೆಯೇ ಓಲೆಯ ಕಾರ ಓಲೇಕಾರ ಆಗಿ, ನಮ್ಮಲ್ಲಿ ವಾಲೀಕಾರ ಆಗಿರಬೇಕು ಅಂತ ನನಗನ್ನಿಸುತ್ತದೆ. ಆ ದೀರ್ಘದೊಳಗೆ ಒಂದು 'ಯ' ಅಡಗಿದೆ. ಅದಕ್ಕೇ ನಾನು ವಾಲೀಕಾರ ಅಂತ ದೀರ್ಘ ಕೊಟ್ಟೇ ಬರೆಯುತ್ತೇನೆ. ವ್ಯಾಕರಣ ಬಲ್ಲವರು ಇದನ್ನು ತಿದ್ದಿದರೆ ಸಂತೋಷ.

ಓಲೆ ಅಂದರೆ ತಾಳೆಗರಿ. ಬರೆದದ್ದು ಅದರ ಮೇಲೆ, ಹಾಗಾಗಿ ಪತ್ರಕ್ಕೂ ಅದೇ ಹೆಸರು ಬಂತು. ಹೆಂಗಸರು ಅದರ ಸುರುಳಿಯನ್ನು ಕಿವಿಗೆ ಹಾಕಿಕೊಳ್ಳುತ್ತಿದ್ದರು, ಹಾಗಾಗಿ ಕಿವಿಯ ಒಡವೆಗೂ ಅದೇ ಹೆಸರು. ಮದುವೆಯ ಕರೆಯೋಲೆಯಲ್ಲಿ ಇರುವುದೂ ಇದೇ. ಈಗ ನಾನು ನಿಮಗೆ ಕಳಿಸುತ್ತಿರುವುದೂ ಮಿಂಚೋಲೆಯೇ ಅಲ್ವಾ. ಓಲೆಕಾರ ಅಂದರೆ ಆ ಪತ್ರ ಒಯ್ಯುವವನು.

ಕೆಲಸದ ಲೆಕ್ಕದಲ್ಲೂ ಇದು ಹೊಂದುತ್ತದೆ. ನಮ್ಮ ಮುತ್ಯಾ, ಅಂದರೆ ಅಜ್ಜ, ಇರುವಾಗ ಹೇಳುತ್ತಿದ್ದರು. ಅವರ ಅಪ್ಪ ಚಾವಡಿಯಲ್ಲೇ ಇರಬೇಕಿತ್ತಂತೆ. ಗೌಡರ, ಕುಲಕರ್ಣಿಯವರ ಚೀಟಿ ಪಕ್ಕದೂರಿಗೆ ಮುಟ್ಟಿಸಬೇಕು. ಕಂದಾಯ ಕಟ್ಟದವರನ್ನು ಕರೆದು ತರಬೇಕು. ವಸೂಲಾದ ಹಣ ತಾಲ್ಲೂಕಿಗೆ ಹೋಗುವಾಗ ಕೈಯಲ್ಲಿ ಬಡಿಗೆ ಹಿಡಿದು ಜೊತೆಗೆ ನಡೆಯಬೇಕು. ಈ ಕೆಲಸಕ್ಕೆ ಮುತ್ಯಾ 'ವಾಲೀಕಾರಕಿ' ಅನ್ನುತ್ತಿದ್ದರು. ಗೌಡಕಿ, ಕುಲಕರ್ಣಿಕಿ ಇದ್ದ ಹಾಗೆ. ಅದಕ್ಕೆ ಬಿಟ್ಟುಕೊಟ್ಟಿದ್ದ ಹೊಲಕ್ಕೆ ಈಗಲೂ ನಮ್ಮ ಮನೆಯಲ್ಲಿ ವಾಲೀಕಾರಕಿ ಹೊಲ ಅಂತಲೇ ಹೆಸರು. ವಂಶಪಾರಂಪರ್ಯವಾಗಿ ಬರುತ್ತಿದ್ದ ಇಂಥ ಊರ ಹುದ್ದೆಗಳನ್ನೆಲ್ಲ ರದ್ದು ಮಾಡುವ ಕಾಯ್ದೆಯನ್ನು ಆಗಿನ ಮೈಸೂರು ರಾಜ್ಯ 1961ರಲ್ಲಿ ಮಾಡಿತು. ಅದು 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಹುದ್ದೆ ಹೋಯಿತು, ಹೆಸರು ಉಳಿಯಿತು. ನಮ್ಮೂರಲ್ಲಿ ಗ್ರಾಮ ಸಹಾಯಕನನ್ನು ಹಿರಿಯರು ಇವತ್ತಿಗೂ ವಾಲೀಕಾರ ಅಂತಲೇ ಕೂಗುತ್ತಾರೆ. ಅವನ ಅಡ್ಡಹೆಸರು ಬೇರೆಯೇ ಇದೆ.

ದಾಖಲೆ ಹುಡುಕುವವರಿಗೆ ಇನ್ನೊಂದು ಮಾತು ಹೇಳಬೇಕು. 1956ರವರೆಗೆ ವಿಜಯಪುರ ಮುಂಬೈ ರಾಜ್ಯದಲ್ಲಿತ್ತು, ಕಲಬುರಗಿ ಹೈದರಾಬಾದಿನಲ್ಲಿತ್ತು. ಹಾಗಾಗಿ ಭೀಮಾ ನದಿಯ ಈಚೆ ದಡದ ಹಳೇ ಕಾಗದ ಮೋಡಿಯಲ್ಲಿ, ಅಂದರೆ ಮರಾಠಿಯ ಹಳೇ ಕೂಡುಬರಹದ ಲಿಪಿಯಲ್ಲಿ ಸಿಗುತ್ತದೆ, ಆಚೆ ದಡದ್ದು ಉರ್ದುವಿನಲ್ಲಿ. ಮೋಡಿಯಲ್ಲಿ ಹ್ರಸ್ವ ದೀರ್ಘದ ಭೇದ ಅಷ್ಟಾಗಿ ಮಾಡುವುದಿಲ್ಲ. ಉರ್ದುವಿನದು ಬೇರೆ ತೊಡಕು. ಆಳಂದದ ನಿವೃತ್ತ ಮಾಸ್ತರರೊಬ್ಬರು ನಮಗೆ ಬರೆದು ತೋರಿಸಿದರು. ಮೊದಲಲ್ಲಿ 'ಓ' ಬೇಕಾದರೆ ಅಲಿಫ್ ಬರೆದು ಆಮೇಲೆ ವಾವ್. 'ವಾ' ಬೇಕಾದರೆ ವಾವ್ ಬರೆದು ಆಮೇಲೆ ಅಲಿಫ್. ಅಕ್ಷರ ಅವೇ ಎರಡು, ಜಾಗ ಮಾತ್ರ ಅದಲುಬದಲು. ಓದುವವರ ಕಣ್ಣು ಒಂದು ಕ್ಷಣ ತಪ್ಪಿದರೆ ಓಲೇಕಾರ ವಾಲೀಕಾರ ಆಗುತ್ತಾನೆ, ವಾಲೀಕಾರ ಓಲೇಕಾರ ಆಗುತ್ತಾನೆ. ಅದಕ್ಕೇ ನಾವೀಗ ಎರಡೂ ಹೆಸರಿಟ್ಟುಕೊಂಡು ಹುಡುಕುತ್ತೇವೆ.

ಹೆಸರು ಕೆಲಸದ್ದು ಅಂತಾದ ಮೇಲೆ ನಮ್ಮ ವಂಶವೃಕ್ಷ ಅರ್ಧಕ್ಕರ್ಧ ಕಳಚಿತು. 30 ಮನೆಯನ್ನು ಒಂದೇ ಬೇರಿಗೆ ಕಟ್ಟಿ ಚಂದದ ಒಂದು ಚಿತ್ರ ಬರೆದಿದ್ದೆವು. ಅದನ್ನು ಬಿಡಿಸಬೇಕಾಯಿತು. ಅದೇ ಹೊತ್ತಿಗೆ ಸುಗ್ಗಿ ಮುಗಿದು ನಮ್ಮೂರಿಗೆ ಹೆಳವರು, ಅಂದರೆ ಊರೂರು ತಿರುಗಿ ಮನೆತನಗಳ ವಂಶಾವಳಿ ಹೇಳುವವರು, ಬಂದರು. ಎತ್ತಿನ ಕೊರಳ ಗಂಟೆ ಕೇಳಿ ಆಯಿ ಅವರನ್ನು ಕರೆದು ಕೂರಿಸಿದರು. ಅವರು ನಮ್ಮ ಮನೆತನ ಹಾಡಲು ಶುರು ಮಾಡಿದ್ದು ಬೆಡಗಿನಿಂದ, ಅಂದರೆ ಗೋತ್ರದಂಥ ಬಳಿಯ ಹೆಸರಿನಿಂದ. ಆಮೇಲೆ ಯಾವ ಊರಿನಿಂದ ಯಾವ ಊರಿಗೆ ಬಂದರು, ಯಾರಿಗೆ ಎಷ್ಟು ಗಂಡುಮಕ್ಕಳು ಅಂತ ಹೇಳುತ್ತಾ ಹೋದರು. ವಾಲೀಕಾರ ಅನ್ನುವ ಮಾತು ಬಂದದ್ದು ನನ್ನಿಂದ ನಾಲ್ಕು ತಲೆಮಾರು ಹಿಂದಿನ ಹೆಸರು ಬಂದಾಗ. ಅದಕ್ಕಿಂತ ಹಿಂದಿನ ಯಾರಿಗೂ ಆ ಹೆಸರಿಲ್ಲ. ಆ ನಾಲ್ಕನೆಯವನ ತಮ್ಮ ಊರ ಹೊರಗೆ ಹೊಸ ಮನೆ ಕಟ್ಟಿದನಂತೆ. ಅವನ ಮಕ್ಕಳು ಹೊಸಮನಿ ಆದರು. ಹತ್ತು ವರ್ಷ ಒಂದೇ ಓಣಿಯಲ್ಲಿ ಆಡಿ ಬೆಳೆದ ಹೊಸಮನಿ ಹುಡುಗರು ನಮ್ಮ ಅಣ್ಣತಮ್ಮಂದಿರೇ ಅಂತ ನನಗೆ ಆವತ್ತೇ ಗೊತ್ತಾಗಿದ್ದು. ಹಿರಿಯರಿಗೆ ಗೊತ್ತಿತ್ತು. ಅವರು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಹೀಗಾಗಿ ಅಡ್ಡಹೆಸರು, ಮನೆತನ, ಬೆಡಗು ಈ ಮೂರು ಮಾತನ್ನು ಬೆರೆಸಬಾರದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ನಮ್ಮ ಕಡೆ ಬೆಡಗು ಒಂದೇ ಆದರೆ ಹೆಣ್ಣು ಕೊಟ್ಟು ತರುವುದಿಲ್ಲ. ಅಡ್ಡಹೆಸರು ಒಂದೇ ಆದರೆ ಅಂಥ ತಡೆ ಇಲ್ಲ. ಮೈಸೂರು ಕಡೆಯ ಗೆಳೆಯರಿಗೆ ಅಡ್ಡಹೆಸರು ಅಂದ ಕೂಡಲೇ ಗೇಲಿಗೆ ಇಟ್ಟ ಹೆಸರು ನೆನಪಾಗಬಹುದು. ನಮ್ಮಲ್ಲಿ ಅದು ಶಾಲೆಯ ಪುಸ್ತಕಕ್ಕೆ ಹತ್ತುವ ಹೆಸರು. ಎಷ್ಟೋ ಮನೆಗಳಲ್ಲಿ ಮಗನನ್ನು ಒಂದನೇ ಇಯತ್ತೆಗೆ ಹಚ್ಚಿದ ದಿನ ಮಾಸ್ತರರು ಬರೆದುಕೊಂಡದ್ದೇ ಅಡ್ಡಹೆಸರಾಗಿ ನಿಂತಿದೆ.

ಇನ್ನೊಂದು ವಿಷಯ ಮನಸ್ಸಿನಲ್ಲಿ ಉಳಿದಿದೆ. ಅಕ್ಕಲಕೋಟೆಯ ಒಬ್ಬ ಹಿರಿಯರು ಈ ಎರಡು ವರ್ಷ ನನಗೆ ದಿನಾ ಫೋನ್ ಮಾಡಿದ್ದಾರೆ. ಮೋಡಿ ಓದಿಸಲು ನನಗಾಗಿ ಸೊಲ್ಲಾಪುರಕ್ಕೆ ಹೋಗಿ ಬಂದಿದ್ದಾರೆ. ಮೊದಲ ದಿನವೇ ಅವರನ್ನು ಕಾಕಾ ಅಂದೆ, ನಮ್ಮ ರಕ್ತವೇ ಅಂದುಕೊಂಡು. ಈಗ ಬೆಡಗು ಬೇರೆ, ಮೂಲದ ಊರು ಬೇರೆ ಅಂತ ತಿಳಿದಿದೆ. ನಾನು ಅಳುಕಿನಿಂದಲೇ ಹೇಳಿದೆ. ಅವರು, "ಇರ್ಲಿ ಬಿಡೋ, ನಿಮ್ಮ ಮುತ್ಯಾನೂ ಚೀಟಿ ಒಯ್ದಾನ, ನಮ್ಮ ಮುತ್ಯಾನೂ ಒಯ್ದಾನ. ಒಬ್ಬರ ಕೈಯಾಂದು ಒಬ್ಬರು ಇಸ್ಕೊಂಡಿರಬೇಕು" ಅಂದರು. ನಾನು ಈಗಲೂ ಅವರನ್ನು ಕಾಕಾ ಅಂತಲೇ ಕರೆಯುತ್ತೇನೆ. ಆದರೆ ನಾವು ಮಾಡುತ್ತಿರುವ ಪುಸ್ತಕದಲ್ಲಿ ಅವರನ್ನು ಏನೆಂದು ಬರೆಯಲಿ? ದಾಯಾದಿ ಅಲ್ಲ, ನೆಂಟರಲ್ಲ, ಬೀಗರಲ್ಲ. ಬರೀ 'ಅದೇ ಅಡ್ಡಹೆಸರಿನವರು' ಅಂದರೆ ತೀರಾ ದೂರದವರಾಗುತ್ತಾರೆ. ಹೆಸರು ಒಂದೇ ಇದ್ದು ಹಿರಿಯರ ಕೆಲಸವೂ ಒಂದೇ ಆಗಿದ್ದವರಿಗೆ ನಿಮ್ಮ ಕಡೆ ಏನಾದರೂ ಮಾತಿದ್ದರೆ ದಯವಿಟ್ಟು ಹೇಳಿ. ಹೊಸದಾಗಿ ಕಟ್ಟಿದ ಪದಕ್ಕಿಂತ ಯಾರದಾದರೂ ಮನೆಯಲ್ಲಿ ಆಡುವ ಮಾತು ಸಿಕ್ಕರೆ ನನಗೆ ಜಾಸ್ತಿ ಇಷ್ಟ.

'ವಾಲೀಕಾರಕಿ' ಅನ್ನುವ ಮಾತನ್ನು ಬೇರೆ ಜಿಲ್ಲೆಯವರು ಕೇಳಿದ್ದೀರಾ? ಬಳ್ಳಾರಿ, ಕೊಪ್ಪಳ, ರಾಯಚೂರಿನಲ್ಲಿ ಈ ಹುದ್ದೆಯವನಿಗೆ ಏನನ್ನುತ್ತಿದ್ದರು? ಹಳೇ ಮೈಸೂರಿನಲ್ಲಿ ತಳವಾರ, ತೋಟಿ ಅನ್ನುವ ಹೆಸರುಗಳು ಇದ್ದದ್ದು ಗೊತ್ತು. ಅಲ್ಲಿ ಓಲೆಕಾರ ಅಂತ ಬೇರೆಯೇ ಒಬ್ಬ ಇದ್ದನಾ?

ಕೊನೆಗೆ ಹಾವೇರಿಯವರಿಗೆ ಒಂದು ಪ್ರಶ್ನೆ, ನನಗೆ ಮುಖ್ಯವಾದದ್ದು ಇದೇ. ನಿಮ್ಮ ಕಡೆ ಓಲೇಕಾರ ಅನ್ನುವ ಅಡ್ಡಹೆಸರು ಓಕಾರ ಉಳಿಸಿಕೊಂಡೇ ಇದೆ. ಹಾಗಾದರೆ ನಿಮ್ಮ ಅಜ್ಜಿ ಕಿವಿಯ ಒಡವೆಗೆ ಏನನ್ನುತ್ತಾರೆ? ಓಲೆ, ಬೆಂಡೋಲೆ ಅಂದರೆ ನಾನು ಮೇಲೆ ಹೇಳಿದ್ದು ನಿಲ್ಲುತ್ತದೆ. ಬೆಂಡವಾಲಿ ಅನ್ನುತ್ತಾ, ಹೆಸರನ್ನು ಮಾತ್ರ ಓಲೇಕಾರ ಅನ್ನುತ್ತಿದ್ದರೆ ನಾನು ಮತ್ತೆ ಮೊದಲಿನಿಂದ ಯೋಚಿಸಬೇಕಾಗುತ್ತದೆ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೇ ಕೇಳಿ, ಅವರು ಹೇಳಿದ ಹಾಗೆಯೇ ಬರೆದು ಕಳಿಸಿ.