ಜಿಯೋಸರ್ವರ್‌ನಲ್ಲಿ (ನಕ್ಷೆಗಳನ್ನು ವೆಬ್‌ನಲ್ಲಿ ಕೊಡುವ ಸಾಫ್ಟ್‌ವೇರ್) 140 ಲೇಯರ್ ಒಟ್ಟಿಗೆ ಬದಲಾಯಿಸಬೇಕು, ಸ್ಕ್ರಿಪ್ಟ್ ಬರೆದವರು ಇದ್ದೀರಾ?

ಪ್ರಶ್ನೆ: ಕೆರೆ, ಕಾಲುವೆ, ರಸ್ತೆ ಅಂತ 140 ಲೇಯರ್ ಇವೆ. ಎಲ್ಲದಕ್ಕೂ ಹೊಸ ಡೀಫಾಲ್ಟ್ ಸ್ಟೈಲ್ (ಬಣ್ಣ, ಗೆರೆಗಳ ರೂಪ) ಹಾಕಬೇಕು. ಅಡ್ಮಿನ್ ಪುಟದಲ್ಲಿ ಒಂದೊಂದೇ ತೆರೆದು ಸೇವ್ ಒತ್ತಿ ಹನ್ನೆರಡಕ್ಕೇ ಸುಸ್ತಾದೆ. ಡಬ್ಲ್ಯೂಎಂಎಸ್ (ನಕ್ಷೆಯನ್ನು ಚಿತ್ರವಾಗಿ ಕಳಿಸುವ ಸೇವೆ) ಸೆಟ್ಟಿಂಗ್ ಕೂಡ ಮುಟ್ಟಬೇಕು. ನೀವು ಹೇಗೆ ಮಾಡಿದಿರಿ?

ಉತ್ತರ 1: ರೆಸ್ಟ್ ಎಪಿಐ (ಸ್ಕ್ರಿಪ್ಟ್‌ನಿಂದಲೇ ಸರ್ವರ್‌ಗೆ ಕೆಲಸ ಹೇಳುವ ದಾರಿ) ಇರೋದೇ ಇದಕ್ಕೆ. ಗೆಟ್ ಮಾಡಿ ಲೇಯರ್ ಪಟ್ಟಿ ತಗೊಳ್ಳಿ, ಲೂಪ್ ಹಾಕಿ ಒಂದೊಂದಕ್ಕೂ ಪುಟ್ ಕಳಿಸಿ. ಇವನ್ನು ಕಳಿಸಲು ಕರ್ಲ್ ಅನ್ನೋ ಕಮಾಂಡ್ ಸಾಕು. ಹೊಸದು ಸೇರಿಸಲು ಪೋಸ್ಟ್, ಇದ್ದದ್ದು ತಿದ್ದಲು ಪುಟ್. ಮೊದಲು ಡೇಟಾ ಡೈರೆಕ್ಟರಿಯ ಕಾಪಿ ಇಟ್ಟುಕೊಳ್ಳಿ. ಸೆಟ್ಟಿಂಗ್‌ಗಳೆಲ್ಲ ಅಲ್ಲೇ ಎಕ್ಸ್‌ಎಂಎಲ್ ಫೈಲ್‌ಗಳಾಗಿ ಇರುತ್ತವೆ.

ಉತ್ತರ 2: ಸರ್, 200 (‘ಸರಿ ಹೋಯ್ತು’ ಅನ್ನೋ ಸರ್ವರ್ ಕೋಡ್) ಬಂತು ಅಂತ ನಂಬಿ ಮಲಗಬೇಡಿ, ನಾನು ಮಲಗಿದ್ದೆ! ಫೀಚರ್ ಟೈಪ್‌ಗಳ (ಲೇಯರ್ ಹಿಂದಿನ ಡೇಟಾದ ವಿವರ) ಶೀರ್ಷಿಕೆ ತಿದ್ದಲು ಬರೀ ಶೀರ್ಷಿಕೆಯನ್ನಷ್ಟೇ ಪುಟ್ ಮಾಡಿದ್ದೆ. ‘ಎನೇಬಲ್ಡ್’ (ಚಾಲೂ ಇರಲಿ) ಅನ್ನೋ ಸಾಲು ಕಳಿಸಿರಲಿಲ್ಲ. ನನ್ನ ಹಳೇ ವರ್ಷನ್ ಅದನ್ನು ‘ಬೇಡ’ ಅಂತ ಓದಿಕೊಂಡಿತು. ಎಲ್ಲಕ್ಕೂ 200. ಬೆಳಗ್ಗೆ ನೋಡಿದರೆ ನಕ್ಷೆ ಖಾಲಿ. ಈಗ ಆ ಸಾಲನ್ನು ಬಿಡೋದೇ ಇಲ್ಲ. ಪ್ರತಿ ಪುಟ್ ಆದ ಮೇಲೆ 256 ಪಿಕ್ಸೆಲ್‌ನ ಒಂದು ಗೆಟ್‌ಮ್ಯಾಪ್ (ನಕ್ಷೆಯ ಚಿತ್ರ ಕೊಡಿ ಅನ್ನೋ ಕೋರಿಕೆ) ಕೂಡ ಕಳಿಸುತ್ತೇನೆ. ಅಲ್ಲೂ ಒಂದು ಮೋಸ ಇದೆ: ಲೇಯರ್ ಸಿಗದಿದ್ದರೂ ಡಬ್ಲ್ಯೂಎಂಎಸ್ 200 ಜೊತೆಗೇ ಎಕ್ಸ್‌ಎಂಎಲ್‌ನಲ್ಲಿ ದೂರು ಕಳಿಸಬಹುದು. ಹಾಗಾಗಿ ಕಂಟೆಂಟ್ ಟೈಪ್ (ಬಂದದ್ದು ಯಾವ ಬಗೆಯ ಫೈಲ್ ಅಂತ) ನೋಡಿ. ಪಿಎನ್‌ಜಿ ಚಿತ್ರ ಅಲ್ಲದಿದ್ದರೆ ಲೂಪ್ ಅಲ್ಲೇ ನಿಲ್ಲಲಿ.

ಉತ್ತರ 3: ಡಬ್ಲ್ಯೂಎಂಎಸ್ ಸೆಟ್ಟಿಂಗ್‌ಗೆ ಎರಡು ಜಾಗ ಇವೆ. ಒಂದು ಇಡೀ ಸರ್ವರ್‌ಗೆ, ಇನ್ನೊಂದು ವರ್ಕ್‌ಸ್ಪೇಸ್‌ಗೆ (ಲೇಯರ್‌ಗಳ ಒಂದು ಗುಂಪಿಗೆ). ವರ್ಕ್‌ಸ್ಪೇಸ್‌ಗೆ ತನ್ನದೇ ಸೆಟ್ಟಿಂಗ್ ಇದ್ದರೆ ಅಲ್ಲಿ ಅದರದ್ದೇ ಮಾತು ನಡೆಯೋದು. ನಾನು ಮೇಲಿನದನ್ನೇ ತಿದ್ದುತ್ತಾ ಅರ್ಧ ದಿನ ಕಳೆದೆ. ಹಾಗೇ ಎಸ್‌ಆರ್‌ಎಸ್ (ನಕ್ಷೆಯಲ್ಲಿ ಜಾಗ ಗುರುತಿಸುವ ಪದ್ಧತಿಗಳ ಕೋಡ್) ಪಟ್ಟಿ ಚಿಕ್ಕದು ಮಾಡಿಬಿಡಿ. ಖಾಲಿ ಬಿಟ್ಟರೆ ಗೆಟ್‌ಕೇಪಬಿಲಿಟೀಸ್‌ನಲ್ಲಿ (ಸರ್ವರ್ ಏನೇನು ಕೊಡುತ್ತೆ ಅನ್ನೋ ವಿವರ) ಸಾವಿರಾರು ಕೋಡ್ ಬಂದು ಕೂರುತ್ತವೆ. ನಾವು 4326, 3857, 32643 ಅಷ್ಟೇ ಉಳಿಸಿದ್ದೇವೆ. 32643 ಅಂದರೆ ಯುಟಿಎಂ ಪದ್ಧತಿಯ 43ನೇ ವಲಯ, ಕರ್ನಾಟಕದ ಬಹುಪಾಲು ಅದರಲ್ಲೇ ಬರುತ್ತೆ ಅಲ್ವಾ.

ಪ್ರಶ್ನೆ ಕೇಳಿದವರು: ಮೂರು ಲೇಯರ್ ಮೇಲೆ ಓಡಿಸಿದೆ. ಪುಟ್ ಸರಿ ಹೋಯ್ತು, ಪಿಎನ್‌ಜಿನೂ ಬಂತು. ಆದರೆ ಕೆರೆ ಇನ್ನೂ ಹಳೇ ಬಣ್ಣದಲ್ಲೇ ಇದೆ?

ಉತ್ತರ 1: ಬ್ರೌಸರ್ ಕ್ಯಾಶ್ (ಉಳಿಸಿಟ್ಟ ಹಳೇ ಚಿತ್ರ) ಇರಬೇಕು. ಪ್ರೈವೇಟ್ ವಿಂಡೋದಲ್ಲಿ ನೋಡಿ.

ಪ್ರಶ್ನೆ ಕೇಳಿದವರು: ಹೌದು, ಅದೇ! ನೀಲಿ ಬಂತು. ಉಳಿದ 137 ರಾತ್ರಿ ಓಡಿಸ್ತೀನಿ, ಮಲಗದೆ.