ಕುಂದಾಪುರ ಹಕ್ಕಿ ಟ್ರಿಪ್ ಬಗ್ಗೆ

ಅಕ್ಕಾ, ಕುಂದಾಪುರದಲ್ಲಿ ಹಕ್ಕಿ ನೋಡೋಕೆ ಬೆಳಿಗ್ಗೆ ಎಷ್ಟ್ ಗಂಟೆಗೆ ಹೋಗ್ಬೇಕು ಅಂತ ಕೇಳಿದ್ರಲ್ಲ, ಟೈಪ್ ಮಾಡಕ್ಕಾಗಲ್ಲ, ಮಾತಾಡ್ತಾ ಇದೀನಿ ಫೋನೇ ಬರ್ಕೊಳ್ತಾ ಇದೆ, ಅಕ್ಷರ ಹೆಚ್ಚುಕಮ್ಮಿ ಆದ್ರೆ ಸುಧಾರಿಸ್ಕೊಳ್ಳಿ.

ನಮ್ ಕೊಡಗಿನ ತೋಟದಲ್ಲಾದ್ರೆ ಬೆಳಕು ಹರಿಯೋ ಹೊತ್ಗೆ ಅಂಗಳಕ್ಕೆ ಬಂದ್ರೆ ಆಯ್ತು, ಆದ್ರೆ ಅಲ್ಲಿ ಗಂಟೆ ಲೆಕ್ಕ ನಡೆಯಲ್ಲ, ಸಮುದ್ರದ ಭರತ ಇಳಿತ ನೋಡ್ಬೇಕು. ನೀರು ಪೂರ್ತಿ ಏರಿದ್ರೆ ಹೊಳೆ ಸಮುದ್ರ ಸೇರೋ ಅಳಿವೆಯ ಕೆಸರೆಲ್ಲ ಮುಳುಗಿರತ್ತೆ, ಹಕ್ಕಿಗಳು ಎಲ್ಲೋ ಮರಳ ದಿಬ್ಬದ ಮೇಲೆ ರೆಕ್ಕೆಗೆ ಕೊಕ್ಕು ಸಿಗಿಸ್ಕೊಂಡು ನಿದ್ದೆ ಹೊಡೀತಿರ್ತವೆ, ಪೂರ್ತಿ ಇಳಿದಾಗ ಹೋದ್ರೂ ಕಷ್ಟ, ದೂರ ದೂರ ಚೆದುರಿ ಚುಕ್ಕಿ ಥರ ಕಾಣ್ತವೆ. ಇಳಿದ ನೀರು ವಾಪಸ್ ಏರೋಕೆ ಶುರುವಾಯ್ತಲ್ಲ, ಆಗ ನಿಂತಿರಿ, ನೀರೇ ಅವನ್ನ ದಡದ ಕಡೆ ತಳ್ಕೊಂಡು ಬರತ್ತೆ. ಈ ಟೈಮು ದಿನಾ ಸುಮಾರು 50 ನಿಮಿಷ ತಡ ಆಗ್ತಾ ಹೋಗತ್ತೆ, ಹಾಗಾಗಿ ರೂಮ್ ಬುಕ್ ಮಾಡೋಕ್ ಮುಂಚೆ ಫೋನಲ್ಲಿ ಟೈಡ್ ಟೇಬಲ್, ಅಂದ್ರೆ ಭರತ ಇಳಿತದ ಟೈಮ್ ಪಟ್ಟಿ ನೋಡಿ, ಬೆಳಿಗ್ಗೆ ಹೊತ್ತು ಇಳಿತ ಇರೋ ದಿನಾನೇ ಆರಿಸ್ಕೊಳ್ಳಿ, ಯಾಕಂದ್ರೆ ಸಮುದ್ರ ಪಶ್ಚಿಮಕ್ಕಿರೋದು, ಸಂಜೆ ಬಿಸಿಲು ಕಣ್ಣಿಗೇ ಹೊಡೆದು ಎಲ್ಲಾ ಹಕ್ಕೀನೂ ಕಪ್ಪೇ.

ಜಾಗ ಅಂದ್ರೆ ಕೋಡಿ ಕಡೆ ಮೊದ್ಲು. ಪಂಚಗಂಗಾವಳಿ ಅಂತಾರಲ್ಲ, ಐದು ಹೊಳೆ ಸೇರಿ ಸಮುದ್ರಕ್ಕೆ ಬೀಳೋದು ಅಲ್ಲೇ, ಒಳಗಡೆ ಉಪ್ಪುನೀರಲ್ಲಿ ಬೆಳೆಯೋ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳೂ ಇವೆ. ಆಚೆ ದಡದ ಗಂಗೊಳ್ಳಿ ಬಂದರಲ್ಲಿ ಮೀನು ಬೋಟ್ ಬರೋ ಹೊತ್ಗೆ ಗರುಡ, ಸೀಗಲ್ ಎಲ್ಲಾ ಮೇಲೇ ಸುತ್ತತಿರ್ತವೆ. ಮರವಂತೆ ರಸ್ತೆ ಚಂದ, ಹಕ್ಕಿಗೆ ಅಂತ ಬೇಡ, ಹೋಗ್ತಾ ಬರ್ತಾ ನೋಡಿದ್ರೆ ಸಾಕು.

ಪುಟ್ಟಂಗೆ ಪ್ಲೋವರ್ ತೋರ್ಸಿ. ಮುಷ್ಟಿಯಷ್ಟು ಹಕ್ಕಿ, ಹಸಿ ಮರಳಲ್ಲಿ ಸರ್ರಂತ ಓಡತ್ತೆ, ಗಕ್ಕಂತ ನಿಲ್ಲತ್ತೆ, ಒಂದ್ಸಲ ಕುಕ್ಕತ್ತೆ, ಮತ್ತೆ ಓಟ. ಲಡಾಖ್, ಟಿಬೆಟ್ ಕಡೆ ಮರಿ ಮಾಡಿ ಚಳಿಗೆ ಇಲ್ಲಿಗೆ ಇಳಿಯೋವೂ ಅದ್ರಲ್ಲಿವೆ, ನಮ್ ಬೈಲುಕುಪ್ಪೆ ಟಿಬೆಟನ್ನರ ಊರಿನವು ಅನ್ನಿ! ಕಂದು ತಲೆ ಸೀಗಲ್ಲೂ ಆ ಕಡೇದೇ, ಆದ್ರೆ ಚಳಿಗಾಲದಲ್ಲಿ ಅದ್ರ ತಲೆ ಬಿಳಿ, ಕಣ್ಣಿನ ಹಿಂದೆ ಒಂದು ಕಪ್ಪು ಮಚ್ಚೆ ಅಷ್ಟೇ, ಪುಸ್ತಕದ ಚಿತ್ರ ಹಿಡ್ಕೊಂಡು ಕನ್‌ಫ್ಯೂಸ್ ಆಗ್ಬೇಡಿ.

ಭಾವ ಕಾಫಿ ಕೆಲಸ ಮುಗೀಲಿ ಮಾರ್ಚ್ ಕೊನೇಲಿ ಹೋಗಣ ಅಂದ್ರಲ್ಲ, ಭಾವ, ನಿಮ್ ಕುಯ್ಲು ಮುಗಿಯೋ ಹೊತ್ಗೆ ಚಳಿಗೆ ಬಂದ ಹಕ್ಕಿಗಳು ಗಂಟುಮೂಟೆ ಕಟ್ಟಿ ಹೊರಡೋಕೆ ಶುರು ಮಾಡಿರ್ತವೆ. ಹುತ್ತರಿ ಹಬ್ಬ ಮುಗಿಸ್ಕೊಂಡು, ರೋಬಸ್ಟಾ ಕಾಫಿ ಹಣ್ಣಾಗೋಕ್ ಮುಂಚೆ ಎರಡು ದಿನ ಬಿಡುವು ಮಾಡ್ಕೊಳ್ಳಿ. ಸಂಪಾಜೆ ಘಾಟಿ ಇಳ್ದು ಮಂಗಳೂರು ದಾಟಿ ಹೋಗೋದು ದೂರಾನೇ, ಅದೇ ದಿನ ವಾಪಸ್ ಅನ್ನೋ ಮಾತು ಬೇಡ. ಬೈನಾಕ್ಯುಲರ್ ನಮ್ಮನೇದು ತಗೊಂಡ್ಹೋಗಿ, ಮಕ್ಳು ಹಕ್ಕಿ ಗುಂಪಿನ ಮೇಲೆ ಓಡದ ಹಾಗೆ ನೋಡ್ಕೊಳ್ಳಿ, ಆಮೇಲೆ ಡೇಟ್ ಯಾವ್ದು ಅಂತ ಇಲ್ಲೇ ಹಾಕಿ, ಟೈಡ್ ನಾನೇ ನೋಡಿ ಹೇಳ್ತೀನಿ.