ಮೊದಲ ಕ್ರೂಸರ್: ಅವೆಂಜರ್ ಸಾಕಾ, ಮೀಟಿಯರ್ ಬೇಕಾ?

ಪ್ರಶ್ನೆ: ಬೆಂಗಳೂರು, ಹನುಮಂತನಗರ

ಎಲ್ಲರಿಗೂ ನಮಸ್ಕಾರ. ನನಗೆ 31 ವರ್ಷ, ಎತ್ತರ 5 ಅಡಿ 2 ಇಂಚು. ಹತ್ತು ವರ್ಷದಿಂದ ಆಕ್ಟಿವಾ ಓಡಿಸುತ್ತಿದ್ದೇನೆ. ಗೇರ್ ಬೈಕ್ ಅಣ್ಣನ ಹತ್ತಿರ ಒಂದು ತಿಂಗಳು ಕಲಿತಿದ್ದೇನೆ, ಅಷ್ಟೇ. ಕಾಲು ಮುಂದಕ್ಕೆ ಇಟ್ಟು ಆರಾಮಾಗಿ ಕೂರುವ ಕ್ರೂಸರ್ ಬೈಕ್ ಅಂದರೆ ಚಿಕ್ಕಂದಿನಿಂದ ಆಸೆ. ಈಗ ದುಡ್ಡು ಕೂಡಿಟ್ಟಿದ್ದೇನೆ. ದಿನಾ ಸಿಲ್ಕ್ ಬೋರ್ಡ್ ದಾಟಿ ಎಚ್‌ಎಸ್‌ಆರ್ ಲೇಔಟ್‌ಗೆ ಆಫೀಸು. ತಿಂಗಳಿಗೊಮ್ಮೆ ಊರು ಬಾಳೆಹೊನ್ನೂರಿಗೆ ಬೈಕಿನಲ್ಲೇ ಹೋಗಬೇಕು ಅಂತ ಇದೆ.

ಬಜಾಜ್ ಅವೆಂಜರ್ 160 ಅಥವಾ 220 ಸಾಕಾ? ಇಲ್ಲಾ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350 ತಗೊಳ್ಳಲಾ? ಆಫೀಸಿನವರು "ಚಿಕ್ಕದು ತಗೊಂಡ್ರೆ ಒಂದೇ ವರ್ಷಕ್ಕೆ ಬೇಜಾರಾಗುತ್ತೆ" ಅಂತಾರೆ. ಅಮ್ಮ "ಅಷ್ಟು ದೊಡ್ಡ ಗಾಡಿ ಬಿದ್ರೆ ಎತ್ತೋರು ಯಾರು" ಅಂತಾರೆ. ಓಡಿಸಿದವರು ನಿಮ್ಮ ಅನುಭವ ಹೇಳಿ.

ಹಾಸನದಿಂದ

ತಂಗಿ, ನಿಮ್ಮ ಅಮ್ಮ ಕೇಳಿದ್ದೇ ಸರಿಯಾದ ಪ್ರಶ್ನೆ. ನಾನು ಏಳು ವರ್ಷ ಅವೆಂಜರ್ 220 ಓಡಿಸಿದೆ. ಈಗ ಮೀಟಿಯರ್ ತಗೊಂಡು ನಾಲ್ಕನೇ ವರ್ಷ. ಎರಡೂ ಗೊತ್ತಿರುವುದರಿಂದ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಸಿಸಿ ಲೆಕ್ಕ ಆಮೇಲೆ. ಮೊದಲು ತೂಕ ನೋಡಿ. ನಿಮ್ಮ ಆಕ್ಟಿವಾ ಸುಮಾರು 106 ಕಿಲೋ. ಅವೆಂಜರ್ 220 ಕ್ರೂಸ್ 163 ಕಿಲೋ. ಮೀಟಿಯರ್ 191 ಕಿಲೋ. ಎರಡು ಕ್ರೂಸರ್‌ಗಳ ನಡುವೆ 28 ಕಿಲೋ ವ್ಯತ್ಯಾಸ, ಹೆಚ್ಚುಕಡಿಮೆ ಒಂದು ತುಂಬಿದ ಗ್ಯಾಸ್ ಸಿಲಿಂಡರ್. ಗಾಡಿ ಓಡುವಾಗ ಆ ಸಿಲಿಂಡರ್ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ನಿಂತಾಗ ಗೊತ್ತಾಗುತ್ತದೆ. ಪಾರ್ಕಿಂಗ್‌ನಲ್ಲಿ, ಪೆಟ್ರೋಲ್ ಬಂಕ್‌ನಲ್ಲಿ, ಮನೆ ಗೇಟಿನ ಮುಂದೆ.

ನನಗೆ ಎರಡು ಸಲ ಪಾಠ ಆಯ್ತು. ಬೇಲೂರಿನಲ್ಲಿ ಒಂದು ಸಲ ಇಳಿಜಾರಿನಲ್ಲಿ ಗೋಡೆ ಕಡೆ ಮುಖ ಮಾಡಿ ನಿಲ್ಲಿಸಿದ್ದೆ. ವಾಪಸ್ ತೆಗೆಯುವಾಗ ಒಂದು ಅಡಿಯೂ ಹಿಂದೆ ಬರಲಿಲ್ಲ. ಹೂವು ಮಾರುವ ಇಬ್ಬರು ಬಂದು ಎಳೆದುಕೊಟ್ಟರು. ಇನ್ನೊಂದು ಸಲ ಬಂಕ್‌ನಲ್ಲಿ ತಿರುಗಿಸುವಾಗ ಎಡಗಾಲಿನ ಕೆಳಗೆ ಜಲ್ಲಿ ಸಿಕ್ಕಿ ಗಾಡಿ ವಾಲಿತು. ಒಂದು ಹಂತದವರೆಗೆ ಹಿಡಿಯಬಹುದು, ಅದು ದಾಟಿದ ಮೇಲೆ ಬಿಡಲೇಬೇಕು. ಬಿಟ್ಟೆ. ಹಠ ಮಾಡಿ ಹಿಡಿದಿದ್ದರೆ ಸೊಂಟ ಹೋಗುತ್ತಿತ್ತು.

ಎತ್ತುವುದು ಶಕ್ತಿಯ ಕೆಲಸಕ್ಕಿಂತ ರೀತಿಯ ಕೆಲಸ. ಗಾಡಿ ಬಲಕ್ಕೆ ಬಿದ್ದಿದ್ದರೆ ಮೊದಲು ಸೈಡ್ ಸ್ಟ್ಯಾಂಡ್ ಹೊರಗೆ ತೆಗೆಯಿರಿ, ಗೇರ್‌ನಲ್ಲಿ ಹಾಕಿ. ಸೀಟಿಗೆ ನಿಮ್ಮ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂರಿ. ಒಂದು ಕೈ ಹ್ಯಾಂಡಲ್ ಮೇಲೆ, ಇನ್ನೊಂದು ಹಿಂದಿನ ಗ್ರ್ಯಾಬ್ ರೈಲ್ ಮೇಲೆ. ಕೈಯಿಂದ ಎತ್ತಬೇಡಿ, ಕಾಲಿನಿಂದ ಹಿಂದಕ್ಕೆ ಚಿಕ್ಕ ಚಿಕ್ಕ ಹೆಜ್ಜೆ ಇಡಿ. ನನ್ನ ಹೆಂಡತಿ 52 ಕಿಲೋ. ಹೀಗೆ ಮೀಟಿಯರ್ ಎತ್ತಿ ತೋರಿಸಿದ್ದಾಳೆ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. "ಚಿಕ್ಕ" ಅವೆಂಜರ್ ಉದ್ದದಲ್ಲಿ ಚಿಕ್ಕದಲ್ಲ. ಎರಡು ಚಕ್ರದ ನಡುವಿನ ಅಂತರ ಅವೆಂಜರ್ 220ರಲ್ಲಿ 1490 ಮಿಲಿಮೀಟರ್, ಮೀಟಿಯರ್‌ನಲ್ಲಿ 1400. ಹಾಗಾಗಿ ಕಿರಿದಾದ ಗಲ್ಲಿಯಲ್ಲಿ ಯೂ ಟರ್ನ್ ಹೊಡೆಯುವಾಗ ಅವೆಂಜರ್ ಜಾಸ್ತಿ ಜಾಗ ಕೇಳುತ್ತದೆ. ತೂಕ ಕಡಿಮೆ ಇರುವುದರಿಂದ ಕಾಲೂರಿ ಸರಿಪಡಿಸಿಕೊಳ್ಳಬಹುದು, ಅದು ಬೇರೆ.

ಈಗ ನಿಮ್ಮ ಊರಿನ ದಾರಿ. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನದವರೆಗೆ ಒಳ್ಳೆಯ ನಾಲ್ಕು ಪಥದ ರಸ್ತೆ. ಅವೆಂಜರ್ 220 ಅಲ್ಲಿ 80ರಲ್ಲಿ ಸುಖವಾಗಿ ಹೋಗುತ್ತದೆ. 90 ದಾಟಿದರೆ ನನ್ನ ಗಾಡಿಯಲ್ಲಿ ಫುಟ್‌ರೆಸ್ಟ್ ಝುಮ್ ಅನ್ನುತ್ತಿತ್ತು. ಒಂದು ಗಂಟೆ ಆದ ಮೇಲೆ ಪಾದ ಜೋಮು ಹಿಡಿಯುತ್ತಿತ್ತು. ಮೀಟಿಯರ್ ಎಂಜಿನ್‌ನಲ್ಲಿ ನಡುಕ ತಡೆಯಲು ಬ್ಯಾಲೆನ್ಸರ್ ಶಾಫ್ಟ್ ಇದೆ. 90ರಲ್ಲೂ ಸದ್ದಿಲ್ಲದೆ ಹೋಗುತ್ತದೆ. ಅದಕ್ಕೂ 110ರ ಮೇಲೆ ಇಷ್ಟವಿಲ್ಲ.

ನಿಜವಾದ ವ್ಯತ್ಯಾಸ ಚಿಕ್ಕಮಗಳೂರು ದಾಟಿ ಆಲ್ದೂರಿನ ಕಡೆ ತಿರುಗಿದ ಮೇಲೆ. ಪವರ್ ನೋಡಿದರೆ ಎರಡಕ್ಕೂ ಅಂಥ ಅಂತರವಿಲ್ಲ, 19 ಮತ್ತು 20 ಅಶ್ವಶಕ್ತಿಯ ಆಸುಪಾಸು. ಆದರೆ ಎಳೆಯುವ ಶಕ್ತಿ, ಅಂದರೆ ಟಾರ್ಕ್, ಅವೆಂಜರ್‌ನಲ್ಲಿ 17.55 ಎನ್‌ಎಂ, ಅದೂ ಎಂಜಿನ್ 7000 ಸುತ್ತು ತಿರುಗಿದಾಗ. ಮೀಟಿಯರ್‌ನಲ್ಲಿ 27 ಎನ್‌ಎಂ, 4000 ಸುತ್ತಿನಲ್ಲೇ ಸಿಗುತ್ತದೆ. ಹಿಂದೆ ಹೆಂಡತಿ, ಪಕ್ಕದಲ್ಲಿ ಬ್ಯಾಗು, ಮುಂದೆ ಏರು ತಿರುವು. ಅವೆಂಜರ್‌ನಲ್ಲಿ ಎರಡನೇ ಗೇರಿಗೆ ಇಳಿಸಿ ಕಿರುಚಿಸಬೇಕಿತ್ತು. ಮೀಟಿಯರ್ ಮೂರರಲ್ಲೇ ಹತ್ತುತ್ತದೆ. ಹೊಸಬರಿಗೆ ತಿರುವಿನ ಮಧ್ಯೆ ಗೇರ್ ಬದಲಿಸುವ ಗಡಿಬಿಡಿ ಇಲ್ಲದಿರುವುದು ದೊಡ್ಡ ಸಮಾಧಾನ.

ಬ್ರೇಕ್ ಬಗ್ಗೆ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಅವೆಂಜರ್ 220ಗೆ ಮುಂದೆ ಮಾತ್ರ ಡಿಸ್ಕ್ ಮತ್ತು ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ), ಹಿಂದೆ ಡ್ರಮ್. ಮೀಟಿಯರ್‌ಗೆ ಎರಡೂ ಕಡೆ ಡಿಸ್ಕ್, ಎರಡೂ ಕಡೆ ಎಬಿಎಸ್. ಮಲೆನಾಡಿನ ಮಳೆಯಲ್ಲಿ, ರಸ್ತೆ ಮೇಲೆ ಕೆಂಪು ಮಣ್ಣು ಹರಿದು ಬಂದಿರುವಾಗ, ಹಿಂದಿನ ಚಕ್ರ ಲಾಕ್ ಆಗಿ ಜಾರುವುದು ಹೇಗಿರುತ್ತದೆ ಅಂತ ನಾನು ಕಂಡಿದ್ದೇನೆ.

ನನ್ನ ಮಾತು ಇಷ್ಟು. ಶೋರೂಮಿಗೆ ಹೋಗಿ, ಟೆಸ್ಟ್ ರೈಡ್‌ಗೆ ಮೊದಲು ಎಂಜಿನ್ ಆಫ್ ಇರುವಾಗಲೇ ಗಾಡಿ ತಳ್ಳಿ. ಹತ್ತು ಹೆಜ್ಜೆ ಮುಂದೆ, ಆಮೇಲೆ ಮೇಲೆ ಕೂತು ಕಾಲಿನಿಂದ ಹತ್ತು ಹೆಜ್ಜೆ ಹಿಂದೆ. ನೀವು ಆಫೀಸಿಗೆ ಹಾಕುವ ಚಪ್ಪಲಿ ಅಥವಾ ಶೂ ಹಾಕಿಕೊಂಡೇ ಮಾಡಿ. ಸೀಟಿನ ಎತ್ತರ ಅವೆಂಜರ್‌ದು 737 ಮಿಲಿಮೀಟರ್, ಮೀಟಿಯರ್‌ದು 765. ಒಂದು ಇಂಚು ಅಂತ ತಳ್ಳಿಹಾಕಬೇಡಿ. ಬರೀ ಬೆರಳ ತುದಿ ತಾಗುವುದಕ್ಕೂ ಇಡೀ ಪಾದ ಊರುವುದಕ್ಕೂ ಆ ಒಂದು ಇಂಚೇ ಸಾಕು.

ಬಿಟಿಎಂ ಲೇಔಟ್‌ನಿಂದ

ಅಕ್ಕ, ನಾನು 5 ಅಡಿ 1 ಇಂಚು. ಅವೆಂಜರ್ 160 ಸ್ಟ್ರೀಟ್ ಮೂರು ವರ್ಷದಿಂದ ಇದೆ. ನಾನೂ ಆಕ್ಟಿವಾದಿಂದಲೇ ಬಂದವಳು. ನಿಮಗೆ ಒಂದೇ ಒಂದು ಎಚ್ಚರಿಕೆ ಹೇಳಬೇಕು.

ಆಕ್ಟಿವಾದಲ್ಲಿ ಎಡಗೈ ಅಂದರೆ ಬ್ರೇಕ್. ಬೈಕಿನಲ್ಲಿ ಎಡಗೈ ಅಂದರೆ ಕ್ಲಚ್. ಹತ್ತು ವರ್ಷದ ಅಭ್ಯಾಸ ಗಾಬರಿಯಲ್ಲಿ ತಾನಾಗಿ ಬಂದುಬಿಡುತ್ತದೆ. ಎರಡನೇ ವಾರದಲ್ಲಿ ಮಡಿವಾಳದ ಹತ್ತಿರ ಬಸ್ಸಿನ ಮುಂದಿನಿಂದ ಒಬ್ಬರು ರಸ್ತೆಗೆ ಇಳಿದರು. ನಾನು ಎಡಗೈ ಬಿಗಿಯಾಗಿ ಹಿಡಿದೆ. ಗಾಡಿ ನಿಲ್ಲುವ ಬದಲು ಹಾಗೇ ಉರುಳಿಕೊಂಡು ಹೋಯಿತು. ಬಲಗಾಲಿನ ಬ್ರೇಕ್ ನೆನಪಾಗಿದ್ದರಿಂದ ಬಚಾವಾದೆ. ಆವತ್ತಿನಿಂದ ಒಂದು ತಿಂಗಳು ದಿನಾ ಬೆಳಿಗ್ಗೆ ಆರು ಗಂಟೆಗೆ ಖಾಲಿ ರಸ್ತೆಯಲ್ಲಿ 30ರಿಂದ ನಿಲ್ಲಿಸುವುದನ್ನೇ ಅಭ್ಯಾಸ ಮಾಡಿದೆ. ಯಾವ ಬೈಕ್ ತಗೊಂಡರೂ ಇದನ್ನು ಮಾಡಿ, ದಯವಿಟ್ಟು.

160 ಸಿಟಿಗೆ ಚೆನ್ನಾಗಿದೆ. 156 ಕಿಲೋ, ನನ್ನ ಎರಡೂ ಪಾದ ಪೂರ್ತಿ ನೆಲಕ್ಕೆ ಊರುತ್ತವೆ. ಲೀಟರಿಗೆ 44, 45 ಕೊಡುತ್ತಿದೆ. ಸಿಲ್ಕ್ ಬೋರ್ಡ್‌ನಲ್ಲಿ ಮುಕ್ಕಾಲು ಗಂಟೆ ಕ್ಲಚ್ ಹಿಡಿದು ಬಿಟ್ಟು ಮಾಡುವಾಗ ಹಗುರ ಕ್ಲಚ್‌ನ ಬೆಲೆ ಗೊತ್ತಾಗುತ್ತದೆ. ಗೆಳತಿಯ ಹಳೇ ಮೀಟಿಯರ್‌ನಲ್ಲಿ ನನ್ನ ಎಡಗೈ ನೋವು ಬಂತು. 2025ರಲ್ಲಿ ಬಂದ ಮೀಟಿಯರ್‌ಗೆ ಸ್ಲಿಪ್ ಅಸಿಸ್ಟ್ ಕ್ಲಚ್ ಕೊಟ್ಟಿದ್ದಾರೆ, ಅದು ಹಗುರ. ನೋಡುವುದಾದರೆ ಅದನ್ನೇ ನೋಡಿ.

ಆದರೆ 160ರಲ್ಲಿ ನಾನು ಊರಿಗೆ ಹೋಗುವುದಿಲ್ಲ. ಹೈವೇಯಲ್ಲಿ ಲಾರಿ ದಾಟಿಸಲು ಉಸಿರು ಸಾಲದು.

ಮೂಡುಬಿದಿರೆಯಿಂದ

ಕ್ರೂಸರ್ ಅಂದ ಕೂಡಲೇ ಆರಾಮ ಅಂತ ಎಲ್ಲರೂ ಹೇಳ್ತಾರೆ ಮಾರಾಯ್ರೇ. ಒಳ್ಳೆ ರಸ್ತೆಯಲ್ಲಿ ಹೌದು. ಹೊಂಡದ ರಸ್ತೆಯಲ್ಲಿ ಅಲ್ಲ. ಬೇರೆ ಬೈಕಿನಲ್ಲಿ ಹೊಂಡ ಬಂದರೆ ಫುಟ್‌ರೆಸ್ಟ್ ಮೇಲೆ ಸ್ವಲ್ಪ ಎದ್ದು ಕಾಲಿನಲ್ಲಿ ಏಟು ತಡೆಯಬಹುದು. ಇಲ್ಲಿ ಕಾಲು ಮುಂದೆ ಇರುತ್ತದೆ, ಏಳಲಿಕ್ಕೆ ಆಗುವುದಿಲ್ಲ. ಏಟು ಸೀದಾ ಬೆನ್ನುಮೂಳೆಗೆ. ಅವೆಂಜರ್ ಆಗಲಿ ಮೀಟಿಯರ್ ಆಗಲಿ, ಇದು ಎರಡಕ್ಕೂ ಇದೆ. ಹಾಗಾಗಿ ಹೊಂಡ ಕಂಡಾಗ ವೇಗ ಇಳಿಸುವುದು ಒಂದೇ ದಾರಿ.

ಮತ್ತೊಂದು. ಅವೆಂಜರ್ ಕ್ರೂಸ್ 220ರ ಚಕ್ರ ಕಡ್ಡಿಯದ್ದು, ಒಳಗೆ ಟ್ಯೂಬ್ ಇದೆ. ಚಾರ್ಮಾಡಿಯಲ್ಲಿ ಪಂಕ್ಚರ್ ಆಗಿ, ಮಳೆಯಲ್ಲಿ ಕೊಟ್ಟಿಗೆಹಾರದವರೆಗೆ ಪಿಕ್‌ಅಪ್ ಹಿಡಿದು ಹೋದವ ನಾನು. ಮೀಟಿಯರ್‌ದು ಟ್ಯೂಬ್‌ಲೆಸ್. ಒಂದು ಪಂಕ್ಚರ್ ಕಿಟ್, ಒಂದು ಚಿಕ್ಕ ಪಂಪ್ ಇದ್ದರೆ ಹತ್ತು ನಿಮಿಷದ ಕೆಲಸ. ನಿಮ್ಮ ದಾರಿಗೆ ಇದು ಮುಖ್ಯ.

ಮತ್ತೆ ಹನುಮಂತನಗರದಿಂದ

ಎಲ್ಲರಿಗೂ ತುಂಬಾ ಧನ್ಯವಾದ. ಎಡಗೈ ವಿಷಯ ನನಗೆ ಹೊಳೆದೇ ಇರಲಿಲ್ಲ. ಇನ್ನೆರಡು ಪ್ರಶ್ನೆ. ಪರಿಚಯದವರು 2021ರ ಅವೆಂಜರ್ 220 ಕ್ರೂಸ್ ಮಾರುತ್ತಿದ್ದಾರೆ. ಅದನ್ನು ತಗೊಂಡು ಒಂದು ವರ್ಷ ಕಲಿತು, ಆಮೇಲೆ ದೊಡ್ಡದಕ್ಕೆ ಹೋದರೆ ಹೇಗೆ? ಮತ್ತೆ, ನಮ್ಮ ಮನೆಯ ಪಾರ್ಕಿಂಗ್ ರಸ್ತೆಗಿಂತ ಕೆಳಗಿದೆ, ಇಳಿಜಾರು. ಅಲ್ಲಿ ಏನು ಮಾಡಲಿ?

ಶಿವಮೊಗ್ಗದಿಂದ, ಗ್ಯಾರೇಜ್ ಇಟ್ಟಿರುವವನು

ಹಳೇ ಗಾಡಿ ಕಲಿಯಲು ಒಳ್ಳೆಯದೇ. ಬಿದ್ದರೂ ಗೀರಾದರೂ ಮನಸ್ಸಿಗೆ ಅಷ್ಟು ನೋವಾಗುವುದಿಲ್ಲ. 2020ರ ನಂತರದ್ದು ಆದ್ದರಿಂದ ಕಾರ್ಬ್ಯುರೇಟರ್ ಅಲ್ಲ, ಫ್ಯುಯೆಲ್ ಇಂಜೆಕ್ಷನ್. ಬೆಳಿಗ್ಗೆ ಹೋಗಿ, ಎಂಜಿನ್ ತಣ್ಣಗಿರುವಾಗ ನೋಡಿ. ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರ್ತೀನಿ ಅನ್ನಿ. ಮುಂದಿನ ಚಕ್ರ ನೆಲದಿಂದ ಎತ್ತಿಸಿ ಹ್ಯಾಂಡಲ್ ನಿಧಾನ ತಿರುಗಿಸಿ. ನಡುವೆ ಕಟಕ್ ಅಂತ ನಿಂತರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್, ಹೋಗಿದೆ. ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಮೇಲೆ ಎಣ್ಣೆಯ ಉಂಗುರ ಇದ್ದರೆ ಆಯಿಲ್ ಸೀಲ್ ಹೋಗಿದೆ. ಇವೆರಡೂ ಸರಿ ಮಾಡಿಸುವಂಥವು, ಬೆಲೆಯಲ್ಲಿ ಕಡಿಮೆ ಮಾಡಿಸಿಕೊಳ್ಳಿ. ಚಾಸಿಸ್ ಬೆಂಡ್ ಇದ್ದರೆ ಮಾತ್ರ ಬೇಡವೇ ಬೇಡ.

ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2321 ಅಂದರೆ 2021ರ 23ನೇ ವಾರ ತಯಾರಾದದ್ದು. ಟೈರಿನ ಮೇಲಿನ ಗುಂಡಿಗಳು (ಟ್ರೆಡ್) ಚೆನ್ನಾಗಿ ಕಂಡರೂ ಅಷ್ಟು ಹಳೆಯ ರಬ್ಬರ್ ಮಳೆಯಲ್ಲಿ ಹಿಡಿಯುವುದಿಲ್ಲ. ಹೊಸ ಜೋಡಿ ಟೈರಿನ ದುಡ್ಡು ಲೆಕ್ಕಕ್ಕೆ ಸೇರಿಸಿ.

ಕಾಗದ: ಆರ್‌ಟಿಓದಿಂದ ಬಿ ಎಕ್ಸ್‌ಟ್ರಾಕ್ಟ್ (ಗಾಡಿಯ ನೋಂದಣಿ ವಿವರದ ಪ್ರತಿ) ತೆಗೆಸಿ, ಸಾಲ ತೀರಿದೆಯಾ ನೋಡಿ. ಬಾಕಿ ಇರುವ ಟ್ರಾಫಿಕ್ ದಂಡ ನೋಡಿ. ನನ್ನ ಭಾಮೈದ ಒಬ್ಬ ಬ್ರೋಕರ್ ಕೈಲಿ ಗಾಡಿ ತಗೊಂಡು, ಆಮೇಲೆ ಹಳೇ ದಂಡ ಎಲ್ಲ ತಾನೇ ಕಟ್ಟಿದ.

ನ್ಯೂಜೆರ್ಸಿಯಿಂದ, ಮೂಲ ದಾವಣಗೆರೆ

ಇಲ್ಲಿ ಇದೇ ಪ್ರಶ್ನೆ ಹೋಂಡಾ ರೆಬೆಲ್ 300ಕ್ಕೂ 500ಕ್ಕೂ. ಎರಡರ ಸೀಟೂ 690 ಮಿಲಿಮೀಟರ್, ತೂಕದಲ್ಲಿ 20 ಕಿಲೋ ವ್ಯತ್ಯಾಸ. ನಾನು 300 ತಗೊಂಡೆ. ಎಂಟು ತಿಂಗಳಿಗೆ ಮಾರಿ 500 ತಗೊಂಡೆ. ಕಾರಣ ಬೇಜಾರಲ್ಲ. ಇಲ್ಲಿನ ಹೈವೇಯಲ್ಲಿ ಎಲ್ಲರೂ 110 ಕಿಲೋಮೀಟರ್ ಮೇಲೆಯೇ ಓಡುತ್ತಾರೆ, 300ಕ್ಕೆ ಅಲ್ಲಿ ಮಿಗುವ ಶಕ್ತಿ ಇಲ್ಲ. ನಿಮ್ಮ ದಾರಿಯಲ್ಲಿ ಆ ವೇಗ ಬೇಕಾಗಿಯೇ ಇಲ್ಲ. ಹಾಗಾಗಿ "ಒಂದೇ ವರ್ಷಕ್ಕೆ ಬೇಜಾರು" ಅನ್ನುವ ಮಾತಿಗೆ ಹೆದರಬೇಡಿ. ಆ ಎಂಟು ತಿಂಗಳಲ್ಲಿ ನಾನು ಕಲಿತದ್ದನ್ನು ದೊಡ್ಡ ಗಾಡಿಯಲ್ಲಿ ಕಲಿಯಲು ಎರಡು ವರ್ಷ ಬೇಕಾಗುತ್ತಿತ್ತು. ಒಂದು ಗಾಡಿ ಮಾರಿ ಇನ್ನೊಂದು ತಗೊಳ್ಳುವುದರಲ್ಲಿ ಸ್ವಲ್ಪ ದುಡ್ಡು ಹೋಗುತ್ತದೆ, ಅದು ನಿಜ.

ರಾಜಾಜಿನಗರದಿಂದ

ಖರ್ಚು, ಕಾಗದದ ಮಾತು. ನಿಮ್ಮ ಲೈಸೆನ್ಸ್ ತೆಗೆದು ನೋಡಿ. ಗೇರ್ ಇಲ್ಲದ ಗಾಡಿಗೆ ಮಾತ್ರ ಇದ್ದರೆ ಅವೆಂಜರ್ ಕೂಡ ಓಡಿಸುವ ಹಾಗಿಲ್ಲ. ಗೇರ್ ಬೈಕಿಗೆ ಎಲ್‌ಎಲ್ (ಕಲಿಕೆ ಲೈಸೆನ್ಸ್) ಮಾಡಿಸಿ, 30 ದಿನ ಆದ ಮೇಲೆ ಟೆಸ್ಟ್ ಕೊಟ್ಟು ಸೇರಿಸಿಕೊಳ್ಳಬೇಕು. ಅಪಘಾತ ಆದರೆ ಇನ್ಶೂರೆನ್ಸ್‌ನವರು ಮೊದಲು ಕೇಳುವುದೇ ಇದನ್ನು.

ಥರ್ಡ್ ಪಾರ್ಟಿ ಇನ್ಶೂರೆನ್ಸ್‌ಗೆ 150ರಿಂದ 350 ಸಿಸಿವರೆಗೆ ಒಂದೇ ದರ. 160, 220, ಮೀಟಿಯರ್‌ನ 349, ಮೂರೂ ಅದರಲ್ಲೇ ಬರುತ್ತವೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿದಿದೆ. ಅದರ ಮೇಲಿನದಕ್ಕೆ 40. ಯಾರಾದರೂ "ಒಂದೇ ಸಲ 650 ತಗೊಂಡುಬಿಡಿ" ಅಂದರೆ ಇದನ್ನು ಹೇಳಿ. ಸೂಪರ್ ಮೀಟಿಯರ್ 650 ತೂಕ 241 ಕಿಲೋ ಅನ್ನುವುದನ್ನೂ ಹೇಳಿ.

ಮೈಸೂರು ಕಡೆ ಹೋಗುವ ಯೋಚನೆ ಇದ್ದರೆ, ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್ ಬಿಡುವುದಿಲ್ಲ. ಸರ್ವಿಸ್ ರಸ್ತೆಯೇ ಗತಿ. ಅಲ್ಲಿ 160ಗೂ 350ಗೂ ವ್ಯತ್ಯಾಸವೇ ಇಲ್ಲ.

ಮತ್ತೆ ಹಾಸನದಿಂದ

ತಂಗಿ, ಇಳಿಜಾರು ಪಾರ್ಕಿಂಗ್ ಅಂತ ಮೊದಲೇ ಹೇಳಿದ್ದರೆ ಅದರಿಂದಲೇ ಶುರು ಮಾಡುತ್ತಿದ್ದೆ. ಒಳಗೆ ಗಾಡಿ ತಿರುಗಿಸುವಷ್ಟು ಸಮತಟ್ಟು ಜಾಗ ಇದ್ದರೆ ಚಿಂತೆ ಇಲ್ಲ. ಇಳಿದು, ತಿರುಗಿಸಿ, ಮುಖ ರಸ್ತೆ ಕಡೆಗೇ ಮಾಡಿ ನಿಲ್ಲಿಸಿ. ಬೆಳಿಗ್ಗೆ ಮೊದಲನೇ ಗೇರ್‌ನಲ್ಲಿ ಸೀದಾ ಹತ್ತಬಹುದು. ಜಾಗ ಇಲ್ಲದೆ ದಿನಾ ಹಿಂದಕ್ಕೆ ಎಳೆದು ಏರಿಸಬೇಕು ಅಂತಾದರೆ, 191 ಕಿಲೋ ಒಬ್ಬರ ಕೈಲಿ ಆಗುವುದಿಲ್ಲ. 163 ಕೂಡ ಕಷ್ಟವೇ. ಆಗ ಬೈಕಿಗಿಂತ ಮೊದಲು ಎದುರು ಮನೆಯವರ ಹತ್ತಿರ ಜಾಗ ಕೇಳಿ.

ಇಳಿಜಾರಿನಲ್ಲೇ ನಿಲ್ಲಿಸಬೇಕಾದರೆ ಮುಖ ಏರಿನ ಕಡೆ ಇರಲಿ, ಮೊದಲನೇ ಗೇರ್‌ನಲ್ಲಿ ಬಿಟ್ಟು ಬನ್ನಿ. ಮುಖ ಇಳಿಜಾರಿನ ಕಡೆ ಇದ್ದರೆ ಗಾಡಿ ಮುಂದೆ ಸರಿದು ಸೈಡ್ ಸ್ಟ್ಯಾಂಡ್ ಮಡಚಿಕೊಂಡು ಬೀಳುತ್ತದೆ.

ಆ 2021ರ 220 ಚೆನ್ನಾಗಿದ್ದರೆ ತಗೊಳ್ಳಿ ಅಂತಲೇ ನನಗೂ ಅನ್ನಿಸುತ್ತಿದೆ. ಮೊದಲ ಮೂರು ತಿಂಗಳು ಊರಿಗೆ ಬೇಡ, ಆಫೀಸಿಗೆ ಮಾತ್ರ. ಆಮೇಲೆ ಮಳೆಗಾಲ ಬಿಟ್ಟು, ಬೆಳಕಿರುವಾಗ ಒಂದು ಸಲ ಹೋಗಿ ಬನ್ನಿ. ಹಾಸನ ಬೈಪಾಸ್ ಹತ್ತಿರ ಬಂದಾಗ ಇಲ್ಲಿ ಒಂದು ಮಾತು ಹಾಕಿ. ಮನೆಯಲ್ಲಿ ಊಟ ಮಾಡಿಕೊಂಡು, ನನ್ನ ಮೀಟಿಯರ್ ನಮ್ಮ ಅಂಗಳದಲ್ಲಿ ಎಷ್ಟು ಹೊತ್ತು ಬೇಕಾದರೂ ತಳ್ಳಿ ನೋಡಿ. ಎತ್ತುವುದನ್ನು ನನ್ನ ಹೆಂಡತಿ ಹೇಳಿಕೊಡುತ್ತಾಳೆ.